ಮೆಮೊರಿ ಚಾನೆಲ್: ಒಂದೇ ನಂಬರಿಗೆ ಎರಡು ಸಲ ಸೇವ್ ಯಾಕೆ?

ಹ್ಯಾಮ್ (ಹವ್ಯಾಸಿ ರೇಡಿಯೊ) ಪರೀಕ್ಷೆಗೆ ಓದುತ್ತಿರುವ ನಮ್ಮ ಕಲಬುರಗಿ ಗೆಳೆಯರಿಗೆ ಈ ಟಿಪ್ಪಣಿ. ವಾಲ್ಯೂಮ್, ಸ್ಕ್ವೆಲ್ಚ್, ಬ್ಯಾಟರಿ ಇವೆಲ್ಲ ಗೊತ್ತೇ ಇದೆ, ಬಿಡಿ. ನೇರ ಮೆಮೊರಿಗೆ ಬರೋಣ. ನನ್ನ ಕೈಯಲ್ಲಿರುವುದು ಬಾವೊಫೆಂಗ್ ಯುವಿ-5ಆರ್ ಅನ್ನುವ ವಾಕಿಟಾಕಿ ಸೆಟ್. ಇಲ್ಲಿನ ಮೆನು ನಂಬರುಗಳೆಲ್ಲ ಅದರವೇ. ಬೇರೆ ಸೆಟ್‌ನಲ್ಲಿ ಬಟನ್ ಬೇರೆ ಇರಬಹುದು, ಒಳಗಿನ ಲೆಕ್ಕ ಒಂದೇ.

ಮೊದಲು ತಲೆಗೆ ಹೋಗಬೇಕಾದ್ದು ಇದು: ಚಾನೆಲ್ ಅಂದರೆ ಬರೀ ಫ್ರೀಕ್ವೆನ್ಸಿ ಅಲ್ಲ. ಕೇಳುವ ಫ್ರೀಕ್ವೆನ್ಸಿ, ಕಳಿಸುವ ಫ್ರೀಕ್ವೆನ್ಸಿ, ಟೋನ್ (ರಿಪೀಟರ್ ಎಬ್ಬಿಸಲು ದನಿಯ ಜೊತೆ ಹೋಗುವ ಸಣ್ಣ ಸ್ವರ), ಪವರ್, ಹೆಸರು ಎಲ್ಲವೂ ಒಂದೇ ನಂಬರಿನಡಿ ಕೂತಿರುತ್ತವೆ. ಸಿಂಪ್ಲೆಕ್ಸ್‌ನಲ್ಲಿ ಕೇಳುವುದೂ ಕಳಿಸುವುದೂ ಒಂದೇ ಫ್ರೀಕ್ವೆನ್ಸಿ, ಹಾಗಾಗಿ ಒಂದು ಸಲ ಸೇವ್ ಮಾಡಿದರೆ ಮುಗೀತು. ರಿಪೀಟರ್, ಅಂದರೆ ನಮ್ಮ ದನಿ ಕೇಳಿಸಿಕೊಂಡು ಬೇರೆ ಫ್ರೀಕ್ವೆನ್ಸಿಯಲ್ಲಿ ದೂರಕ್ಕೆ ಮತ್ತೆ ಕಳಿಸುವ ಕೇಂದ್ರ, ಬಂದಾಗಲೇ ಕಗ್ಗಂಟು.

ಎರಡು ಸಲ ಸೇವ್

ನಮ್ಮ ದೇಶದಲ್ಲಿ 2 ಮೀಟರ್ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. ಇಲ್ಲಿ ರಿಪೀಟರ್ ಸಾಮಾನ್ಯವಾಗಿ ತಾನು ಮಾತಾಡುವುದಕ್ಕಿಂತ 600 ಕಿಲೋಹರ್ಟ್ಸ್ ಕೆಳಗೆ ಕೇಳಿಸಿಕೊಳ್ಳುತ್ತದೆ. ಲೆಕ್ಕಕ್ಕೆ ಹೇಳುವುದಾದರೆ, ಅದು 145.700ರಲ್ಲಿ ಮಾತಾಡಿದರೆ ನಾವು ಕಳಿಸಬೇಕಾದ್ದು 145.100ರಲ್ಲಿ.

ಈಗ ಸೇವ್ ಮಾಡೋಣ. ವಿಎಫ್‌ಒ ಮೋಡ್‌ಗೆ (ಫ್ರೀಕ್ವೆನ್ಸಿಯನ್ನು ನೇರ ಒತ್ತುವ ಮೋಡ್) ಬನ್ನಿ, ಮೇಲಿನ ಸಾಲು ಆರಿಸಿ. ಮೆನು 7ರಲ್ಲಿ ಡ್ಯುಯಲ್ ವಾಚ್ (ಎರಡೂ ಸಾಲು ಒಟ್ಟಿಗೆ ಕೇಳುವುದು) ಆಫ್, ಮೆನು 25ರಲ್ಲಿ ಶಿಫ್ಟ್ (ಕಳಿಸುವ ಫ್ರೀಕ್ವೆನ್ಸಿ ಮೇಲೋ ಕೆಳಗೋ ಅನ್ನುವುದು) ಆಫ್. ಟೋನ್ ಬೇಕಿದ್ದರೆ ಮೆನು 13ರಲ್ಲಿ ಈಗಲೇ ಇಡಿ, ಕೊನೆವರೆಗೂ ಅದನ್ನು ಮುಟ್ಟಬೇಡಿ. ಕೇಳುವ ಫ್ರೀಕ್ವೆನ್ಸಿ ಒತ್ತಿ, ಮೆನು 27ಕ್ಕೆ ಹೋಗಿ, ಖಾಲಿ ನಂಬರ್ ಆರಿಸಿ, ಮೆನು ಒತ್ತಿ. ಇಂಗ್ಲಿಷ್ ದನಿ ಆನ್ ಇದ್ದರೆ ಸೆಟ್ 'ರಿಸೀವಿಂಗ್ ಮೆಮೊರಿ' ಅನ್ನುತ್ತದೆ. ಎಕ್ಸಿಟ್.

ಇಲ್ಲಿಗೆ ಅರ್ಧ ಕೆಲಸ ಆಯಿತು ಅಷ್ಟೇ. ಈ ಹಂತದಲ್ಲಿ ನಿಲ್ಲಿಸಿದವರೇ ಜಾಸ್ತಿ. ನಮ್ಮ ಗೆಳೆಯರೊಬ್ಬರು ಕೇಳಿದ್ದೂ ಇದನ್ನೇ: 'ಅಣ್ಣಾ, ಸೇವ್ ಆಗ್ಯದ, ಎಲ್ಲಾರ ದನಿ ಕೇಳಸ್ತದ, ಆದ್ರ ರಿಪೀಟರ್ ಏಳವಲ್ದು.' ಏಳುವುದಾದರೂ ಹೇಗೆ? ಈ ಚಾನೆಲ್ ಇನ್ನೂ ಸಿಂಪ್ಲೆಕ್ಸ್. ಕೇಳುವ ಜಾಗದಲ್ಲೇ ಕಳಿಸುತ್ತಿದೆ.

ಈಗ ಕಳಿಸುವ ಫ್ರೀಕ್ವೆನ್ಸಿ ಒತ್ತಿ. ಮತ್ತೆ ಮೆನು 27. ಮತ್ತೆ ಅದೇ ನಂಬರ್. ಆಗ ಪರದೆಯಲ್ಲಿ ಆ ನಂಬರಿನ ಎಡಕ್ಕೆ 'ಸಿಎಚ್' ಅಂತ ಕಾಣುತ್ತದೆ. ತುಂಬಿದ ಚಾನೆಲ್‌ಗೆ ಅದು ಗುರುತು. ಅದನ್ನು ನೋಡಿ 'ಇದು ಭರ್ತಿಯಾಗಿದೆ, ಮುಂದಿನದಕ್ಕೆ ಹಾಕೋಣ' ಅನ್ನಿಸುತ್ತದೆ. ಬೇಡ! ಅದೇ ನಂಬರಿಗೇ ಹಾಕಿ. ಒಂದು ಜುಬ್ಬಾಕ್ಕೆ ಎರಡು ಜೇಬು ಇದ್ದಂತೆ: ಮೊದಲ ಸೇವ್ ಒಂದು ಜೇಬಿಗೆ, ಎರಡನೆಯದು ಇನ್ನೊಂದಕ್ಕೆ. ಈ ಸಲ 'ಟ್ರಾನ್ಸ್‌ಮಿಟಿಂಗ್ ಮೆಮೊರಿ' ಅಂತ ಕೇಳಿಸಬೇಕು. ಕೇಳಿಸಿದರೆ ಕೆಲಸ ಪೂರ್ತಿ.

ಹಳೆಯ ಚಾನೆಲ್ ಮೇಲೆ ಹೊಸದು ಬರೆಯಬೇಕಿದ್ದರೆ ಮೊದಲು ಮೆನು 28ರಲ್ಲಿ ಅಳಿಸಿ. ಇಲ್ಲದಿದ್ದರೆ ಮೊದಲ ಸೇವ್ ಕೂಡ ಎರಡನೇ ಜೇಬಿಗೇ ಹೋಗುತ್ತದೆ.

ಬಾಹ್ಯಾಕಾಶ ನಿಲ್ದಾಣಕ್ಕೆ ಐದು ಚಾನೆಲ್

ಇದು ನನಗೆ ತುಂಬಾ ಇಷ್ಟವಾದ ಭಾಗ. ಎರಡು ಸಲ ಸೇವ್ ಮಾಡುವುದರ ಬೆಲೆ ಗೊತ್ತಾಗುವುದೇ ಇಲ್ಲಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಒಂದು ಎಫ್‌ಎಂ ರಿಪೀಟರ್ ಶುರುವಾಯಿತು. ನಾವು 145.990ರಲ್ಲಿ 67 ಹರ್ಟ್ಸ್ ಟೋನ್ ಹಾಕಿ ಕಳಿಸಬೇಕು, ಅದು 437.800ರಲ್ಲಿ ಮಾತಾಡುತ್ತದೆ. ಎರಡಕ್ಕೂ ಹತ್ತಿರ ಹತ್ತಿರ 292 ಮೆಗಾಹರ್ಟ್ಸ್ ಅಂತರ. ಅಷ್ಟು ದೊಡ್ಡ ಆಫ್‌ಸೆಟ್ (ಕೇಳುವ, ಕಳಿಸುವ ಫ್ರೀಕ್ವೆನ್ಸಿಗಳ ಅಂತರ) ಮೆನು 26ರಲ್ಲಿ ಹಿಡಿಸುವುದೇ ಇಲ್ಲ. ಎರಡು ಸಲ ಸೇವ್ ಮಾಡಿದರೆ ಸರಾಗವಾಗಿ ಕೂರುತ್ತದೆ.

ಜೊತೆಗೆ ಡಾಪ್ಲರ್ ಇದೆ, ಅಂದರೆ ಓಡುವ ವಸ್ತುವಿನಿಂದ ಬರುವ ಫ್ರೀಕ್ವೆನ್ಸಿ ನಮಗೆ ಸರಿದು ಕೇಳುವುದು. ನಿಲ್ದಾಣ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ವೇಗವಾಗಿ ಓಡುತ್ತದೆ. ನಮ್ಮ ಕಡೆ ಬರುವಾಗ ಫ್ರೀಕ್ವೆನ್ಸಿ ಸುಮಾರು 10 ಕಿಲೋಹರ್ಟ್ಸ್ ಮೇಲೆ ಕೇಳುತ್ತದೆ, ದೂರ ಹೋಗುವಾಗ ಅಷ್ಟೇ ಕೆಳಗೆ. ಆದ್ದರಿಂದ ಐದು ಚಾನೆಲ್ ಮಾಡಿ: 50ಕ್ಕೆ 437.810, 51ಕ್ಕೆ 437.805, 52ಕ್ಕೆ 437.800, 53ಕ್ಕೆ 437.795, 54ಕ್ಕೆ 437.790. ಕಳಿಸುವುದು ಐದಕ್ಕೂ 145.990ರಲ್ಲೇ. 145ರ ಆ ಬ್ಯಾಂಡ್‌ನಲ್ಲಿ ಫ್ರೀಕ್ವೆನ್ಸಿ ಸರಿಯುವುದು ಮೂರೂವರೆ ಕಿಲೋಹರ್ಟ್ಸ್ ಆಸುಪಾಸು, ಎಫ್‌ಎಂ ಅದನ್ನು ತಡೆದುಕೊಳ್ಳುತ್ತದೆ. ನಿಲ್ದಾಣ ಮೇಲೆ ಬರುತ್ತಿದ್ದಂತೆ 50ರಿಂದ ಶುರು ಮಾಡಿ, ದನಿ ಗೊರಗೊರ ಅಂದ ಕೂಡಲೇ ಒಂದು ಚಾನೆಲ್ ಮುಂದೆ. ಪೂರ್ತಿ ಹಾಯುವುದಕ್ಕೆ ಹೆಚ್ಚೆಂದರೆ ಹತ್ತು ನಿಮಿಷ. ಆಗ ಮಾಳಿಗೆ ಮೇಲೆ ನಿಂತು ನಂಬರ್ ಒತ್ತುತ್ತಾ ಕೂತರೆ ಅದು ಬೀದರ್ ದಾಟಿ ಎಲ್ಲೋ ಹೋಗಿರುತ್ತದೆ.

ಎರಡು ಎಚ್ಚರಿಕೆ. ಮೆನು 1ರಲ್ಲಿ ಸ್ಟೆಪ್ 5 ಕಿಲೋಹರ್ಟ್ಸ್ ಇರಲಿ, 12.5 ಇದ್ದರೆ 437.805 ಸರಿಯಾಗಿ ಕೂರುವುದಿಲ್ಲ. ಇನ್ನೊಂದು, 67 ಹರ್ಟ್ಸ್ ಕಳಿಸುವ ಟೋನ್ ಮಾತ್ರ. ಮೆನು 11ರಲ್ಲಿರುವ ಕೇಳುವ ಟೋನ್ (ಆ ಟೋನ್ ಬಂದರೆ ಮಾತ್ರ ಸೆಟ್ ದನಿ ಬಿಡುತ್ತದೆ) ಆಫ್ ಇರಬೇಕು. ಅದನ್ನೂ ಇಟ್ಟುಬಿಟ್ಟರೆ ನಿಲ್ದಾಣ ತಲೆಮೇಲೆ ಹೋದರೂ ಸೆಟ್ ಬಾಯಿ ಬಿಡದೆ ಕೂರಬಹುದು.

ನಂಬರ್ ಹಂಚಿಕೆ

ಯುವಿ-5ಆರ್‌ನಲ್ಲಿ 0ಯಿಂದ 127ರವರೆಗೆ ಒಟ್ಟು 128 ಚಾನೆಲ್. ಸಾಲಾಗಿ ತುಂಬಬೇಡಿ, ಹತ್ತರ ಗುಂಪು ಮಾಡಿ. ನನ್ನದರಲ್ಲಿ 1ರಿಂದ 9 ಊರಿನ ಸಿಂಪ್ಲೆಕ್ಸ್, 10ರ ಗುಂಪು ಬೀದರ್ ಕಡೆಗೆ, 20 ಹೈದರಾಬಾದ್, 30 ಸೊಲ್ಲಾಪುರ, 50 ಬಾಹ್ಯಾಕಾಶ. ಮೆಮೊರಿ ಮೋಡ್‌ನಲ್ಲಿ 0-5-0 ಒತ್ತಿದರೆ ಸೀದಾ ಅಲ್ಲಿಗೆ ಹೋಗುತ್ತದೆ. ಸಿಂಪ್ಲೆಕ್ಸ್ ಮೊದಲು ಇಟ್ಟಿದ್ದಕ್ಕೆ ಕಾರಣ ಇದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ನಮ್ಮ ಜಿಲ್ಲೆಯ, ಯಾದಗಿರಿಯ ಹಳ್ಳಿಗಳಿಗೆ ನೀರು ನುಗ್ಗಿದ್ದು ನೆನಪಿದೆ ಅಲ್ವಾ? ಅಂಥ ದಿನ ಕರೆಂಟ್ ಹೋಗಿ ರಿಪೀಟರ್ ನಿಂತರೂ ಸೆಟ್‌ನಿಂದ ಸೆಟ್‌ಗೆ ಮಾತು ನಡೆಯಬೇಕು.

ಚಿರ್ಪ್

ಚಿರ್ಪ್ ಅಂದರೆ ಕಂಪ್ಯೂಟರಿನಿಂದ ಸೆಟ್‌ನ ಚಾನೆಲ್ ತುಂಬುವ ತಂತ್ರಾಂಶ. ಕೇಬಲ್ ಇದ್ದವರಿಗೆ ಇದು ಸುಲಭ, ಉಚಿತವೂ ಹೌದು. ಮೊದಲು ಸೆಟ್‌ನಿಂದ ಡೌನ್‌ಲೋಡ್ ಮಾಡಿ, ಒಂದು ಪ್ರತಿ ಬೇರೆ ಇಟ್ಟು, ಆಮೇಲೆ ತಿದ್ದಿ. ಹೆಸರು ಏಳು ಅಕ್ಷರದೊಳಗೆ. ಡ್ಯುಪ್ಲೆಕ್ಸ್ ಅಂಕಣದಲ್ಲಿ ಮೈನಸ್ ಇದ್ದರೆ ಆಫ್‌ಸೆಟ್ ಅಂಕಣಕ್ಕೆ ಅಂತರ ಬರೆಯಬೇಕು, ಅಂದರೆ 0.600. ಅದೇ 'ಸ್ಪ್ಲಿಟ್' ಅಂತ ಇದ್ದರೆ ಆಫ್‌ಸೆಟ್‌ನಲ್ಲಿ ಕಳಿಸುವ ಫ್ರೀಕ್ವೆನ್ಸಿಯನ್ನೇ ಪೂರ್ತಿ ಬರೆಯಬೇಕು, ಅಂದರೆ 145.990. ಡ್ಯುಪ್ಲೆಕ್ಸ್‌ನಲ್ಲಿ 'ಆಫ್' ಅಂತ ಇಟ್ಟರೆ ಆ ಚಾನೆಲ್ ಬರೀ ಕೇಳುತ್ತದೆ, ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಿದರೂ ಏನೂ ಹೋಗುವುದಿಲ್ಲ. ಲೈಸೆನ್ಸ್ ಇಲ್ಲದೆ ಪಿಟಿಟಿ ಒತ್ತುವಂತಿಲ್ಲ, ಅದಕ್ಕೇ ಹೊಸಬರಿಗೆ ತೋರಿಸುವಾಗ ನನ್ನ ಸೆಟ್‌ನ ಚಾನೆಲ್‌ಗಳನ್ನೆಲ್ಲ ಹೀಗೇ ಇಡುತ್ತೇನೆ.