ಸೌದೆ ತುದಿಯ ನೊರೆ

ಮಾಗಿ ಬೆಳಗ್ಗೆ ಬಚ್ಚಲೊಲೆಗೆ ಹಸಿ ಜಾಲಿ ತುರುಕಿದವರಿಗೆ ಈ ಸದ್ದು ಗೊತ್ತು. ಒಳಗಿನ ತುದಿಗೆ ಬೆಂಕಿ ಸರಿಯಾಗಿ ಹತ್ತುವ ಮೊದಲೇ ಹೊರಗೆ ಚಾಚಿದ ತುದಿ ಸುಂಯ್ ಅನ್ನುತ್ತದೆ, ಬಿಳಿ ನೊರೆ ಉಕ್ಕುತ್ತದೆ, ಕಂದು ನೀರು ತೊಟ್ಟಿಕ್ಕುತ್ತದೆ. ಚಿತ್ರದುರ್ಗದ ಹತ್ತಿರದ ನಮ್ಮೂರಲ್ಲಿ ದೊಡ್ಡಮ್ಮ ಊದುಗೊಳವೆ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಾ, "ಬ್ಯಾಸಿಗ್ಯಾಗೆ ಸೀಳಿ ಹಾಕ್ರಲೇ ಅಂದ್ರೆ ಕೇಳ್ಲಿಲ್ಲ. ಈಗ ತಣ್ಣೀರಾಗೇ ಮೈ ತೊಳ್ಕಳ್ರಿ" ಅನ್ನುತ್ತಿದ್ದಳು.

ನೊರೆ ಬರುವುದು ಕಡಿದ ತುದಿಯಿಂದಲೇ, ತೊಗಟೆಯಿಂದಲ್ಲ. ಬೇರಿನಿಂದ ಎಲೆಗೆ ನೀರು ಏರಿಸುತ್ತಿದ್ದ ಸಣ್ಣ ಕೊಳವೆಗಳು ಮರದ ಉದ್ದಕ್ಕೂ ಇರುತ್ತವೆ. ಹಾಗಾಗಿ ತೇವ ಅಡ್ಡಕ್ಕಿಂತ ಉದ್ದಕ್ಕೆ ಹತ್ತು ಹದಿನೈದು ಪಟ್ಟು ಬೇಗ ಹೊರಬೀಳುತ್ತದೆ. ಮೂರಡಿ ಕೊರಡನ್ನು ಹಾಗೇ ಬಿಸಾಕಿದರೆ ವರ್ಷವಾದರೂ ಹೊಟ್ಟೆಯೊಳಗೆ ಹಸಿ ಉಳಿದೀತು. ಒಂದೂವರೆ ಅಡಿಗೆ ತುಂಡರಿಸಿ ಸೀಳಿದರೆ ಒಂದು ಬೇಸಿಗೆ ಸಾಕು.

ಈಗ ತೂಕದ ಲೆಕ್ಕ. ಆಗಷ್ಟೇ ಕಡಿದ 100 ಕಿಲೋ ಸೌದೆಯಲ್ಲಿ 40 ಕಿಲೋ ನೀರೇ ಇರಬಹುದು. ತಕ್ಕಡಿಗೆ ಅದೂ ಸೌದೆಯೇ! ಆ ನೀರನ್ನೆಲ್ಲ ಆವಿ ಮಾಡಲು ಸುಮಾರು 25,000 ಕಿಲೋ ಕ್ಯಾಲೊರಿ ಬೇಕು. ಉಳಿದ 60 ಕಿಲೋ ಒಣಮರ ಕೊಡಬಲ್ಲದ್ದು ಸುಮಾರು 2,70,000. ಅಂದರೆ ಆವಿಗೆ ಹೋಗುವುದು ಹತ್ತರಲ್ಲಿ ಒಂದು ಪಾಲೂ ಅಲ್ಲ. ಹಾಗಾದರೆ ಹಂಡೆ ಯಾಕೆ ಕಾಯುವುದಿಲ್ಲ?

ಉತ್ತರ ಹೊಗೆಯಲ್ಲಿದೆ. ನಾವು ಉರಿ ಅನ್ನುವುದು ಬಹುಪಾಲು ಮರ ಉರಿಯುವುದಲ್ಲ, ಕಾದ ಮರದಿಂದ ಹೊಮ್ಮುವ ಅನಿಲ ಉರಿಯುವುದು. ಒಣಸೌದೆಯ ತೂಕದ ಮುಕ್ಕಾಲು ಪಾಲು ಹೀಗೆ ಅನಿಲವಾಗಿಯೇ ಹೊರಡುತ್ತದೆ. ಅದು ಪೂರ್ತಿ ಉರಿಯಲು 600 ಡಿಗ್ರಿಯಷ್ಟಾದರೂ ಬಿಸಿ ಬೇಕು. ನೀರಿರುವ ಜಾಗವೋ 100 ಡಿಗ್ರಿಯ ಆಸುಪಾಸು ಬಿಟ್ಟು ಮೇಲೇಳುವುದಿಲ್ಲ, ಮೇಲಿಂದ ಹಬೆ ಬೇರೆ ಒಲೆಯನ್ನು ತಣಿಸುತ್ತದೆ. ಅನಿಲ ಉರಿಯದೆ ಹೊಗೆಯಾಗಿ ಹೋಗುತ್ತದೆ. ದೊಡ್ಡಮ್ಮನ ಕಣ್ಣಿಗೆ ಚುಚ್ಚುತ್ತಿದ್ದುದು, ಸೂರಿಗೆ ಮಸಿ ಬಳಿಯುತ್ತಿದ್ದುದು ಹಂಡೆಗೆ ಸಲ್ಲಬೇಕಿದ್ದ ಸೌದೆಯೇ.

ಸೌದೆ ಒಣಗಿಸಲು ನಮ್ಮ ಸೀಮೆಯಷ್ಟು ಅನುಕೂಲದ ಜಾಗ ಕಡಿಮೆ. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಅಂಗಳದ ಒಟ್ಟಿಲಿನೊಳಗೂ ನುಗ್ಗುತ್ತದೆ. ಸೌದೆಗೂ ಬರವಿಲ್ಲ. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಬೀಳುಭೂಮಿಯನ್ನೆಲ್ಲ ನುಂಗಿದೆ. ಅದರ ಮೇಲೆ ನನಗೆ ಸಿಟ್ಟಿದೆ, ಆದರೆ ಅದರ ಕೆಂಡದ ಮೇಲಿಲ್ಲ. ತೊಡಕು ಒಂದೇ, ಚಳ್ಳಕೆರೆ, ಹಿರಿಯೂರು ಕಡೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಚಳಿಯ ಹೊಸ್ತಿಲಲ್ಲಿ. ಅಷ್ಟರೊಳಗೆ ಒಟ್ಟಿಲಿನ ನೆತ್ತಿಗೆ ಮರೆ ಬೇಕು. ಪಕ್ಕಗಳನ್ನೂ ಟಾರ್ಪಾಲಿನಲ್ಲಿ ಬಿಗಿದರೆ ಒಳಗಿನ ತೇವ ಒಳಗೇ ಬೆವರುತ್ತದೆ.

ಒಣಗಿದೆಯೋ ಇಲ್ಲವೋ ಎಂಬುದನ್ನು ಸೌದೆಯ ತುದಿಯೇ ಹೇಳುತ್ತದೆ. ತೇವ ಒಣಮರದ ತೂಕದ ಶೇಕಡಾ 30ರಷ್ಟಕ್ಕೆ ಇಳಿಯುವ ತನಕ ಮರ ಕುಗ್ಗುವುದಿಲ್ಲ, ಆಮೇಲೆ ಕುಗ್ಗತೊಡಗುತ್ತದೆ. ಆಗಲೂ ಉಂಗುರದ ಸುತ್ತ ಕುಗ್ಗುವಷ್ಟು ತಿರುಳಿನಿಂದ ತೊಗಟೆಯತ್ತ ಕುಗ್ಗುವುದಿಲ್ಲ, ಹೆಚ್ಚುಕಡಿಮೆ ಅರ್ಧದಷ್ಟೇ. ಆ ಎಳೆದಾಟಕ್ಕೆ ತುದಿಯಲ್ಲಿ ಚಕ್ಕಡಿ ಗಾಲಿಯ ಅರೆಕಾಲುಗಳಂತೆ ಬಿರುಕು ಮೂಡುತ್ತವೆ. ದೊಡ್ಡಮ್ಮ ಬಿರುಕು ನೋಡಿ, ಎರಡು ಸೀಳು ಒಂದಕ್ಕೊಂದು ಬಡಿಯುತ್ತಿದ್ದಳು. ಠಣ್ ಅಂದರೆ ಒಲೆಗೆ, ದಬ್ ಅಂದರೆ ವಾಪಸ್ ಬಿಸಿಲಿಗೆ. ಬಡಿಯುವುದಕ್ಕೆ ಇನ್ನೊಂದು ಕಾರಣವೂ ಇತ್ತು: ಸಂದಿಯಲ್ಲಿ ಚೇಳಿದ್ದರೆ ಕೆಳಗೆ ಬೀಳಲಿ ಅಂತ.