ಲಿಫ್ಟ್ ಎತ್ತವಲ್ದು ಅಂದ್ರ ವಾಷರ್ ಹಾಕಿಸೋದಾ?

ಪ್ರಶ್ನೆ: 18 ಎಚ್‌ಪಿ ಹಳೇ ಮಿನಿ ಟ್ರ್ಯಾಕ್ಟರ್ ಐತ್ರಿ. ಸೆಕೆಂಡ್ ಹ್ಯಾಂಡ್ ರೋಟವೇಟರ್ ಜೋಡಿಸೀವಿ. ಮುಂಜಾನೆ ಎತ್ತತೈತಿ, ಮಧ್ಯಾಹ್ನಕ್ಕ ಎತ್ತವಲ್ದು. ರಿಲೀಫ್ ವಾಲ್ವಿನ ಸ್ಪ್ರಿಂಗಿಗೆ ಒಂದು ವಾಷರ್ ಕೊಟ್ರ ಸರಿ ಆಗತೈತಿ ಅಂತಾರ. ಹಾಕಿಸಬೇಕೇನ್ರಿ?

ಬೇಡ. ಕಾಲುವೆಗೆ ನೀರು ಬಿಟ್ಟು ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗದ್ದೆಗಳಲ್ಲಿ ಕೆಸರು ಹೊಡೆಯಲು ಶುರುವಾದರೆ ಸಾಕು, ಈ ವಾಷರಿನ ಪ್ರಶ್ನೆ ತಪ್ಪದೆ ಬರುತ್ತದೆ. ಉತ್ತರ ಪ್ರತಿ ಸಲವೂ ಅದೇ.

ಮಣ್ಣು ಕಲಸುವ ರೋಟವೇಟರನ್ನು ಎತ್ತಿಳಿಸುವುದು ಟ್ರ್ಯಾಕ್ಟರಿನ ಹಿಂದಿರುವ ಲಿಫ್ಟ್; ಪಂಪು ನೂಕುವ ಎಣ್ಣೆಯ ಒತ್ತಡವೇ ಅದರ ಬಲ. ರಿಲೀಫ್ ವಾಲ್ವ್ ಎಂದರೆ ಕುಕ್ಕರಿನ ಸೀಟಿ ಇದ್ದಂತೆ. ಒತ್ತಡ ಮಿತಿ ಮೀರಿದಾಗ ಮಾತ್ರ ಅದು ತೆರೆದು ಎಣ್ಣೆಯನ್ನು ವಾಪಸ್ ಬಿಡುತ್ತದೆ. ವಾಷರ್ ಕೊಟ್ಟರೆ ಸ್ಪ್ರಿಂಗ್ ಬಿಗಿಯಾಗಿ ಆ ಮಿತಿ ಏರುತ್ತದೆ, ಅಷ್ಟೇ. ಒಲೆಯೇ ಸಣ್ಣಗೆ ಉರಿಯುತ್ತಿರುವಾಗ ಸೀಟಿಯ ಮೇಲೆ ಕಲ್ಲಿಟ್ಟರೆ ಬೇಳೆ ಬೇಯುವುದಿಲ್ಲ. ಇಲ್ಲಿ ಒಲೆ ಅಂದರೆ ಪಂಪು. ಪಂಪಿನಿಂದ ಸಾಕಷ್ಟು ಎಣ್ಣೆ ಬರದಿದ್ದರೆ, ಅಥವಾ ಬಂದದ್ದು ದಾರಿಯಲ್ಲೇ ಸೋರಿಹೋದರೆ, ವಾಲ್ವ್ ತೆರೆಯುವಷ್ಟು ಒತ್ತಡವೇ ಹುಟ್ಟುವುದಿಲ್ಲ. ತೆರೆಯದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿ ಏನು ಬಂತು?

ಇದನ್ನು ನೀವೇ ಪರೀಕ್ಷಿಸಬಹುದು. ಎಣ್ಣೆ ಬಿಸಿಯಾದ ಮೇಲೆ ಆಕ್ಸಿಲರೇಟರ್ ಅರ್ಧ ಕೊಟ್ಟು, ಲಿಫ್ಟ್ ಲಿವರ್ ಪೂರ್ತಿ ಮೇಲೆ ಮಾಡಿ. ‘ಚುಂಯ್’ ಅಂತ ಸದ್ದು ಬಂದು ಇಂಜಿನ್ ಸ್ವಲ್ಪ ಕುಗ್ಗಿದರೆ ವಾಲ್ವ್ ತೆರೆಯುತ್ತಿದೆ ಎಂದರ್ಥ. ಆಗ ಭಾರ ಜಾಸ್ತಿಯಾಗಿದೆ, ಇಲ್ಲವೆ ಸ್ಪ್ರಿಂಗ್ ಸೋತಿದೆ. ಸದ್ದೂ ಇಲ್ಲ, ಇಂಜಿನ್ ಮೇಲೆ ಭಾರವೂ ಇಲ್ಲ, ರೋಟವೇಟರ್ ಮಾತ್ರ ಏಳುತ್ತಿಲ್ಲ ಎಂದರೆ ಎಣ್ಣೆ ಸಾಕಷ್ಟು ಬರುತ್ತಿಲ್ಲ, ಇಲ್ಲವೆ ಬೇರೆಡೆ ಸೋರುತ್ತಿದೆ. ಮುಂಜಾನೆ ಎತ್ತಿ ಮಧ್ಯಾಹ್ನ ಎತ್ತದಿರುವುದು ಸಾಮಾನ್ಯವಾಗಿ ಈ ಎರಡನೇ ಜಾತಿ: ಎಣ್ಣೆ ಕಾದು ತೆಳ್ಳಗಾದಾಗ ಸವೆದ ಪಂಪಿನ ಗೇರುಗಳ ಸಂದಿಯಲ್ಲೇ ನುಸುಳುತ್ತದೆ.

‘ವಾಷರ್ ಹಾಕಿದ ಮೇಲೆ ನಮ್ಮದು ಎತ್ತಿತಲ್ಲ’ ಎನ್ನುವವರಿದ್ದಾರೆ. ಎತ್ತಿರಬಹುದು. ವಾಷರ್ ಹಾಕಲು ವಾಲ್ವ್ ಬಿಚ್ಚಿ, ಡೀಸೆಲಿನಲ್ಲಿ ತೊಳೆದು, ಮತ್ತೆ ಕೂಡಿಸಿದ್ದಾರೆ. ವಾಲ್ವ್ ಕೂರುವ ಜಾಗದಲ್ಲಿ ಸಿಕ್ಕಿಕೊಂಡಿದ್ದ ಸಾಸಿವೆ ಕಾಳಿನಷ್ಟು ಗ್ಯಾಸ್ಕೆಟ್ ಅಂಟು ಆಗ ತೊಳೆದುಹೋಗಿದೆ. ಕೆಲಸ ಮಾಡಿದ್ದು ಡೀಸೆಲ್, ಹೆಸರು ಬಂದಿದ್ದು ವಾಷರಿಗೆ. ಆ ವಾಷರ್ ಮಾತ್ರ ಒಳಗೇ ಉಳಿಯುತ್ತದೆ. ಮುಂದೆ ಹೊಸ ಪಂಪು ಹಾಕಿಸಿದ ದಿನ ಒತ್ತಡ ಮಿತಿ ದಾಟಿ, ಪೈಪು ಒಡೆಯುತ್ತದೆ, ಪಂಪಿನ ಸೀಲ್ ಹೊರಬರುತ್ತದೆ, ಕೆಲವೊಮ್ಮೆ ಲಿಫ್ಟ್ ಕವರಿಗೇ ಸೀಳು ಬೀಳುತ್ತದೆ. ಸ್ಪ್ರಿಂಗ್ ನಿಜವಾಗಿ ಸೋತಿದ್ದರೆ ಹೊಸ ಸ್ಪ್ರಿಂಗ್ ಹಾಕಿ, ಪ್ರೆಷರ್ ಗೇಜ್ ಕೂಡಿಸಿ, ಟ್ರ್ಯಾಕ್ಟರಿನ ಪುಸ್ತಕದಲ್ಲಿರುವ ಅಂಕಿಗೆ ಹೊಂದಿಸಬೇಕು. ಗೇಜ್ ಇಲ್ಲದ ಕಡೆ ಆ ವಾಲ್ವ್ ಮುಟ್ಟಿಸಲೇಬೇಡಿ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ರೋಟವೇಟರನ್ನು ಪೂರ್ತಿ ನೆಲಕ್ಕಿಳಿಸಿ. ಎತ್ತಿ ನಿಲ್ಲಿಸಿದ್ದರ ಕೆಳಗೆ ಕೈ ಹಾಕುವುದು ಬೇಡವೇ ಬೇಡ. ಮೊದಲು ಎಣ್ಣೆಯ ಮಟ್ಟ, ಆಮೇಲೆ ಬಣ್ಣ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಒಂದಿಷ್ಟನ್ನು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಇಡಿ. ಬೆಳಗ್ಗೆ ತಿಳಿಯಾದರೆ ಸೇರಿದ್ದು ಗಾಳಿ. ಪಂಪು ಎಣ್ಣೆ ಹೀರುವ ಸಕ್ಷನ್ ಪೈಪಿನ ಓ-ರಿಂಗ್ (ರಬ್ಬರ್ ಬಳೆ) ನೋಡಿ. ಹಾಗೇ ಉಳಿದರೆ ಅಥವಾ ತಳದಲ್ಲಿ ನೀರು ಕೂತರೆ ಕೆಸರು ನೀರು ಒಳಹೊಕ್ಕಿದೆ. ಪಿಟಿಓ (ಇಂಜಿನ್ನಿನ ಬಲವನ್ನು ರೋಟವೇಟರಿಗೆ ಕೊಡುವ ಹಿಂದಿನ ದಂಡ) ಸೀಲ್ ಬದಲಿಸದೆ ಬರೀ ಎಣ್ಣೆ ಬದಲಿಸಿದರೆ ದುಡ್ಡು ದಂಡ. ಸಕ್ಷನ್ ಜಾಲರಿಯನ್ನು ಡೀಸೆಲಿನಲ್ಲಿ ತೊಳೆಯಿರಿ. 90 ನಂಬರ್ ಗೇರ್ ಆಯಿಲ್ ಸುರಿದು ದಪ್ಪ ಮಾಡುವುದೂ ವಾಷರಿನ ತಮ್ಮನೇ. ಪುಸ್ತಕ ಹೇಳಿದ ಗ್ರೇಡನ್ನೇ ಹಾಕಿ.

ಇಷ್ಟಾದರೂ ಎತ್ತದಿದ್ದರೆ ಪಂಪು ನೋಡಿಸಿ. ಎತ್ತುತ್ತದೆ, ಆದರೆ ಇಂಜಿನ್ ಬಂದ್ ಮಾಡಿದ ಕೂಡಲೇ ಕುಸಿಯುತ್ತದೆ ಎಂದಾದರೆ ಲಿಫ್ಟ್ ಎತ್ತುವ ಪಿಸ್ಟನ್ನಿನ ಓ-ರಿಂಗ್ ಮೇಲೆ ಅನುಮಾನ. ಬದಲಿಸುವಾಗ ಓ-ರಿಂಗ್ ಎಣ್ಣೆಯ ಒತ್ತಡದ ಕಡೆಗಿರಬೇಕು, ಅದಕ್ಕೆ ಒತ್ತಾಸೆಯಾಗುವ ಬ್ಯಾಕಪ್ ರಿಂಗ್ ಅದರ ಹಿಂದೆ. ತಿರುವುಮುರುವಾದರೆ ಹೊಸ ರಿಂಗೂ ಬೇಗ ಕತ್ತರಿಸಿಹೋಗುತ್ತದೆ.

ಭಾರದ ಮಾತೂ ಇದೆ. ಲಿಫ್ಟಿನ ಸಾಮರ್ಥ್ಯ ಅಂತ ದೊಡ್ಡದಾಗಿ ಹೇಳುವ ಅಂಕಿ ಬಹಳ ಸಲ ಕೆಳಲಿಂಕಿನ (ರೋಟವೇಟರ್ ಸಿಕ್ಕಿಸುವ ಕೆಳಗಿನ ತೋಳಿನ) ತುದಿಯದು. ಭಾರ ಎರಡು ಅಡಿ ಹಿಂದೆ ಸರಿದರೆ ಅಷ್ಟು ಎತ್ತಲಾರದು. ದೊಡ್ಡ ಟ್ರ್ಯಾಕ್ಟರಿನ ರೋಟವೇಟರಿಗೆ ಪಟ್ಟಿ ವೆಲ್ಡ್ ಮಾಡಿಸಿ ಕೂಡಿಸಿದರೆ ಆಗುವುದು ಇದೇ, ಜೊತೆಗೆ ಮುಂದಿನ ಗಾಲಿಯೂ ಏಳುತ್ತದೆ. ಕೆಳಲಿಂಕಿನಲ್ಲಿ, ಅದನ್ನು ಮೇಲಕ್ಕೆಳೆಯುವ ಲಿಫ್ಟ್ ರಾಡಿಗೆ ಎರಡು ತೂತಿದ್ದರೆ ಹಿಂದಿನದಕ್ಕೆ, ಅಂದರೆ ರೋಟವೇಟರ್ ಕಡೆಯದಕ್ಕೆ ಹಾಕಿ. ಎತ್ತರ ಸ್ವಲ್ಪ ಕಡಿಮೆಯಾದರೂ ಬಲ ಹೆಚ್ಚುತ್ತದೆ. ಪಿನ್ನನ್ನೂ ಅಳೆಯಿರಿ: ಕೆಟಗರಿ 1 ಎಂಬ ಜೋಡಣೆ ಅಳತೆಯಲ್ಲಿ ಕೆಳಗಿನದು 22 ಮಿ.ಮೀ., ಟಾಪ್ ಲಿಂಕಿನದು (ಮೇಲಿನ ತೋಳಿನದು) 19 ಮಿ.ಮೀ. ಲಿಂಕಿನ ತುದಿಯ ದೊಡ್ಡ ತೂತಿನ ಬಾಲ್‌ಗೆ ಸಣ್ಣ ಪಿನ್ ಹಾಕಿ ತಂತಿ ಸುತ್ತುವ ಜಾಣರಿಗೆ ಏನು ಹೇಳುವುದು!

ಪಿಟಿಓ ಶಾಫ್ಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಸೆಕೆಂಡ್ ಹ್ಯಾಂಡ್ ರೋಟವೇಟರ್ ಎಂದಿರಿ, ಬಿಡುವಂತಿಲ್ಲ. ಉದ್ದದ ಶಾಫ್ಟನ್ನು ಹಾಗೇ ಕೂಡಿಸಿದರೆ ಒಳಕೊಳವೆ ಹೊರಕೊಳವೆಯ ತಳಕ್ಕೆ ಗುದ್ದಿ ಟ್ರ್ಯಾಕ್ಟರಿನ ಪಿಟಿಓ ಬೇರಿಂಗ್ ಹಾಳಾಗುತ್ತದೆ. ರೋಟವೇಟರನ್ನು ಮೇಲೆ ಕೆಳಗೆ ಆಡಿಸಿ ಶಾಫ್ಟ್ ಅತಿ ಗಿಡ್ಡವಾಗುವ ಜಾಗ ಗುರುತಿಸಿ, ಅಲ್ಲಿಯೂ ಮೂರ್ನಾಲ್ಕು ಸೆಂ.ಮೀ. ಸಂದಿ ಉಳಿಯುವಂತೆ ಎರಡೂ ಕೊಳವೆಗಳನ್ನು, ಅವುಗಳ ಪ್ಲಾಸ್ಟಿಕ್ ಕವಚಗಳನ್ನು ಒಂದೇ ಅಳತೆಯಷ್ಟು ಕತ್ತರಿಸಿ. ಅತಿ ಉದ್ದವಾದಾಗ ಒಂದರೊಳಗೊಂದು 15 ಸೆಂ.ಮೀ. ಆದರೂ ಇರಬೇಕು. ಅಂಚನ್ನು ಅರದಿಂದ ಉಜ್ಜಿ, ಗ್ರೀಸ್ ಬಳಿದು, ಕೂಡಿಸುವಾಗ ಕೊಳವೆಗಳಿಗೆ ಕೂತ ಎರಡು ಯೋಕಿನ (ಕವಲು ತುಂಡಿನ) ಕಿವಿಗಳು ಒಂದೇ ಸಾಲಿನಲ್ಲಿವೆಯೇ ನೋಡಿ. ಅಡ್ಡಡ್ಡ ಕೂತರೆ ಶಾಫ್ಟ್ ಗಡಗಡ ನಡುಗಿ ಕ್ರಾಸ್ ಬೇರಿಂಗ್ ತಿನ್ನುತ್ತದೆ. ಭಾರ ಮೀರಿದಾಗ ತಾನು ಮುರಿದು ಉಳಿದದ್ದನ್ನು ಕಾಯುವ ಶಿಯರ್ ಬೋಲ್ಟ್ ಮುರಿದ ಜಾಗಕ್ಕೆ ಗಟ್ಟಿ ಉಕ್ಕಿನ ಹೈಟೆನ್ಸಿಲ್ ಬೋಲ್ಟ್ ಜಡಿಯಬೇಡಿ. ಮುಂದಿನ ಕಲ್ಲು ಬಡಿದಾಗ ಮುರಿಯುವುದು ಗೇರ್ ಬಾಕ್ಸ್.