ಸಂಖ್ಯೆ ವಾಕ್ಯಕ್ಕೆ ಸೇರುವಾಗ

ನಮ್ಮ ಓಣಿಯ ಮಹಿಳಾ ಸ್ವಸಹಾಯ ಸಂಘದ ಲೆಕ್ಕವನ್ನು ನಾನು ಎಕ್ಸೆಲ್‌ನಲ್ಲಿ ಇಡುತ್ತೇನೆ. ತಿಂಗಳ ಸಭೆಗೆ ಮುಂಚೆ ಪ್ರತಿಯೊಬ್ಬ ಸದಸ್ಯೆಗೂ ಒಂದು ಚೀಟಿ ಪ್ರಿಂಟ್ ಮಾಡಬೇಕು. ಬರೀ ಅಂಕಿ ಇದ್ದರೆ ಸಾಲದು, ಓದಿದ ಕೂಡಲೇ ತಿಳಿಯುವ ಒಂದು ವಾಕ್ಯ ಅದರಲ್ಲಿರಬೇಕು. ಮೂವರು ಸೇರಿ ರೊಟ್ಟಿ ಯಂತ್ರಕ್ಕೆ ತೆಗೆದ 25,000 ರೂಪಾಯಿ ಸಾಲವನ್ನು ಸಮನಾಗಿ ಹಂಚಿದ ತಿಂಗಳು ಒಂದು ಚೀಟಿ ಹೀಗೆ ಬಂತು: "ಶಾಂತಮ್ಮ ಅವರ ಪಾಲು 8333.33333333333 ರೂಪಾಯಿ". "ಅಕ್ಕಾ, ಇದು ಎಷ್ಟು ಕೋಟಿ ಆತು?" ಎಂದು ಆಕೆ ಗಾಬರಿಯಿಂದ ಕೇಳಿದರು.

ಶೀಟಿನಲ್ಲಿ ನೋಡಿದರೆ ಆ ಸೆಲ್, ಅಂದರೆ ಆ ಚೌಕ, 8,333.33 ಎಂದೇ ತೋರಿಸುತ್ತಿತ್ತು. ಎ2ರಲ್ಲಿ ಹೆಸರು, ಬಿ2ರಲ್ಲಿ ಪಾಲು. ನಾನು ಬರೆದ ಫಾರ್ಮುಲಾ ಇಷ್ಟೇ:

=ಎ2&" ಅವರ ಪಾಲು "&ಬಿ2&" ರೂಪಾಯಿ"

(ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಶೀಟಿನಲ್ಲಿ ಸೆಲ್ಲಿನ ಹೆಸರೂ ಫಂಕ್ಷನ್ನಿನ, ಅಂದರೆ ಎಕ್ಸೆಲ್‌ನ ಸಿದ್ಧ ಆಜ್ಞೆಯ ಹೆಸರೂ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.) ಉದ್ಧರಣ ಚಿಹ್ನೆಯೊಳಗೆ ಇರುವುದು ನಮ್ಮ ಮಾತು, ಹೊರಗೆ ಇರುವುದು ಸೆಲ್ಲಿನ ವಿಳಾಸ, ನಡುವೆ ಹೊಲಿಗೆ ಹಾಕುವುದು & ಗುರುತು. ಪದಗಳ ನಡುವಿನ ಜಾಗವನ್ನೂ ನಾವೇ ಉದ್ಧರಣ ಚಿಹ್ನೆಯೊಳಗೆ ಬಿಡಬೇಕು, ಇಲ್ಲದಿದ್ದರೆ ಎಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಸೆಲ್ಲಿನೊಳಗೆ ಇರುವ ಬೆಲೆಯೇ ಬೇರೆ, ಕಣ್ಣಿಗೆ ಕಾಣುವ ರೂಪವೇ ಬೇರೆ. ಎರಡು ದಶಾಂಶ, ಅಲ್ಪವಿರಾಮ, ರೂಪಾಯಿ ಚಿಹ್ನೆ ಇವೆಲ್ಲ ಮೇಲೆ ತೊಡಿಸಿದ ಉಡುಗೆ. & ಗುರುತು ಉಡುಗೆಯನ್ನು ಮುಟ್ಟುವುದಿಲ್ಲ, ಒಳಗಿನ ಬೆಲೆಯನ್ನೇ ಎತ್ತಿಕೊಂಡು ಬರುತ್ತದೆ. 25,000ವನ್ನು ಮೂರರಿಂದ ಭಾಗಿಸಿದರೆ ಕೊನೆ ಮುಟ್ಟದ ಅಂಕಿ. ಎಕ್ಸೆಲ್ ಅದರಲ್ಲಿ 15 ಅಂಕಿಗಳನ್ನು ತೋರಿಸಿ ನಿಲ್ಲುತ್ತದೆ.

ದಿನಾಂಕ ಸೇರಿಸಿದರಂತೂ ಇನ್ನೂ ವಿಚಿತ್ರ. "ಕೊನೆಯ ದಿನ 45658" ಎಂದು ಬಂದರೆ ಹೆದರಬೇಡಿ, ಅದು 2025ರ ಜನವರಿ 1. ಎಕ್ಸೆಲ್ 1900ರ ಜನವರಿ 1ನ್ನು 1 ಎಂದು ಹಿಡಿದು ದಿನಗಳನ್ನು ಎಣಿಸುತ್ತಾ ಬರುತ್ತದೆ. ನಮಗೆ ಸ್ವಾತಂತ್ರ್ಯ ಬಂದ ದಿನ ಅದರ ಲೆಕ್ಕದಲ್ಲಿ 17394. ಎರಡು ದಿನಾಂಕಗಳನ್ನು ಕಳೆದರೆ ನಡುವಿನ ದಿನಗಳು ಸಿಗುವುದು ಇದರಿಂದಲೇ.

ಉಡುಗೆಯನ್ನೂ ಜೊತೆಗೆ ತರಲು ಇರುವುದು ಟೆಕ್ಸ್ಟ್ ಫಂಕ್ಷನ್. ಬರೀ ಬಿ2 ಇದ್ದ ಜಾಗದಲ್ಲಿ ಟೆಕ್ಸ್ಟ್(ಬಿ2,"#,##0.00") ಎಂದು ಬರೆದರೆ ಚೀಟಿಯಲ್ಲಿ 8,333.33 ಎಂದೇ ಬರುತ್ತದೆ. ಫಾರ್ಮುಲಾವನ್ನು ವಾಟ್ಸಾಪ್‌ನಿಂದ ಕಾಪಿ ಮಾಡುವವರು ಒಂದನ್ನು ಗಮನಿಸಬೇಕು: ಉದ್ಧರಣ ಚಿಹ್ನೆ ನೆಟ್ಟಗಿರಬೇಕು. ಬಾಗಿದ ಚಿಹ್ನೆ ಎಕ್ಸೆಲ್‌ಗೆ ಅರ್ಥವಾಗುವುದಿಲ್ಲ.

ನನಗೆ ಹೆಚ್ಚು ಕಾಳಜಿ ಇರುವುದು ಮುಂದಿನ ವಿಷಯದ ಬಗ್ಗೆ. ಮಾತಿಗೆ ಸೇರಿದ ಸಂಖ್ಯೆ ಆಮೇಲೆ ಸಂಖ್ಯೆಯಾಗಿ ಉಳಿಯುವುದಿಲ್ಲ, ಅಕ್ಷರಗಳ ಸಾಲಾಗುತ್ತದೆ. ಸೆಲ್ಲಿನಲ್ಲಿ ಅದು ಬಲಗಡೆಯಿಂದ ಎಡಗಡೆಗೆ ಸರಿದು ನಿಲ್ಲುವುದೇ ಇದರ ಮೊದಲ ಸುಳಿವು. ಉಳಿತಾಯದ ಕಾಲಮ್ಮಿನಲ್ಲಿ &" ರೂ." ಎಂದು ಸೇರಿಸಿ, ಕೆಳಗೆ ಸಮ್ ಫಂಕ್ಷನ್‌ನಿಂದ ಕೂಡಿಸಿ ನೋಡಿ: ಒಟ್ಟು ಸೊನ್ನೆ. ತಪ್ಪಿನ ಸಂದೇಶವೂ ಬರುವುದಿಲ್ಲ, ಏಕೆಂದರೆ ಸಮ್ ತನಗೆ ಕೊಟ್ಟ ಸೆಲ್‌ಗಳಲ್ಲಿ ಅಕ್ಷರ ಕಂಡರೆ ದಾಟಿಕೊಂಡು ಹೋಗುತ್ತದೆ. ಕಾಲಮ್ಮಿನ ನಡುವೆ ಒಂದೇ ಸೆಲ್ ಹೀಗಾಗಿದ್ದರೆ ಒಟ್ಟು ಮೊತ್ತ ಅಷ್ಟೇ ಕಡಿಮೆ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಅದೇ ಸೆಲ್‌ಗಳನ್ನು + ಹಾಕಿ ಕೂಡಿಸಿದರೆ ಎಕ್ಸೆಲ್ ಕೂಡಲೇ ತಪ್ಪು ತೋರಿಸುತ್ತದೆ.

1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಆಪಲ್ 2 ಕಂಪ್ಯೂಟರಿಗೆ ರೂಪಿಸಿದ ವಿಸಿಕ್ಯಾಲ್ಕ್ ಎಂಬ, ಎಕ್ಸೆಲ್‌ನಂಥದೇ ಹಳೆಯ ಲೆಕ್ಕದ ತಂತ್ರಾಂಶ ಕೂಡ ಮಾತು-ಸಂಖ್ಯೆಗಳ ಈ ಭೇದವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿತ್ತು. ಒತ್ತಿದ ಮೊದಲ ಕೀಲಿ ಅಕ್ಷರವೋ ಅಂಕಿಯೋ ಎಂಬುದನ್ನು ನೋಡಿ, ಆ ಸೆಲ್ಲಿನಲ್ಲಿರುವುದು ಲೇಬಲ್ಲೋ (ಬರೀ ಮಾತು) ಬೆಲೆಯೋ ಎಂದು ತೀರ್ಮಾನಿಸುತ್ತಿತ್ತು.

ಹಾಗಾಗಿ ಲೆಕ್ಕ ಒಂದು ಕಾಲಮ್ಮಿನಲ್ಲಿ, ವಾಕ್ಯ ಇನ್ನೊಂದು ಕಾಲಮ್ಮಿನಲ್ಲಿ ಇರುವುದು ಕ್ಷೇಮ. ಅಂಕಿಯ ಪಕ್ಕ "ರೂ." ಕಂಡರೆ ಸಾಕು ಎನ್ನುವವರು & ಬಿಟ್ಟು, ಸೆಲ್ ಫಾರ್ಮ್ಯಾಟ್‌ನಲ್ಲಿ 0" ರೂ." ಎಂದು ಬರೆಯಲಿ. ಆಗ ಅದು ಕಣ್ಣಿಗೆ ಮಾತು, ಕೂಡಿಸಲು ಸಂಖ್ಯೆ.

ಟೆಕ್ಸ್ಟ್ ಫಂಕ್ಷನ್ನಿನಲ್ಲೂ ಒಂದು ಮೋಸದ ಜಾಗವಿದೆ. ಪೈಸೆ ಬೇಡವೆಂದು "0" ಫಾರ್ಮ್ಯಾಟ್ ಕೊಟ್ಟೆ. ಮೂವರ ಚೀಟಿಯಲ್ಲೂ 8333 ಬಂತು, ಕೂಡಿಸಿದರೆ 24,999. ಪುಸ್ತಕದಲ್ಲಿ 25,000. ಒಂದು ರೂಪಾಯಿಯೇ ಇರಬಹುದು, ಆದರೆ ಸಂಘದಲ್ಲಿ ಅದು ನಂಬಿಕೆಯ ಪ್ರಶ್ನೆ. ಟೆಕ್ಸ್ಟ್ ದುಂಡಾಗಿಸುವುದು ತೋರಿಕೆಯನ್ನು ಮಾತ್ರ. ಬೆಲೆಯನ್ನೇ ದುಂಡಾಗಿಸಬೇಕಾದರೆ ಲೆಕ್ಕದ ಸೆಲ್ಲಿನಲ್ಲೇ ರೌಂಡ್ ಫಂಕ್ಷನ್ ಬಳಸಬೇಕು. ಇಬ್ಬರಿಗೆ ರೌಂಡ್ ಮಾಡಿ, ಮೂರನೆಯವರಿಗೆ ಉಳಿದದ್ದನ್ನು ಕೊಟ್ಟೆ: 8,334.

ಇನ್ನು ಕನ್ನಡದ ವಿಭಕ್ತಿ. ಶಾಂತಮ್ಮನಿಗೆ, ಲಕ್ಷ್ಮಿಗೆ, ನೂರ್‌ಜಹಾನ್‌ಗೆ: ಹೆಸರು ಬದಲಾದಂತೆ ಪ್ರತ್ಯಯದ ರೂಪವೂ ಬದಲಾಗುತ್ತದೆ. &"ನಿಗೆ" ಎಂದು ಎಲ್ಲರಿಗೂ ಹಚ್ಚಿದರೆ "ಲಕ್ಷ್ಮಿನಿಗೆ" ಆಗುತ್ತದೆ. ಇದಕ್ಕೆ ಪರಿಹಾರ ನಮ್ಮ ಮರ್ಯಾದೆಯ ಮಾತಿನಲ್ಲೇ ಇದೆ. &" ಅವರಿಗೆ" ಎಂದು ಬರೆದರೆ ವಿಭಕ್ತಿಯ ಭಾರವನ್ನೆಲ್ಲ "ಅವರು" ಹೊರುತ್ತದೆ, ಯಾವ ಹೆಸರಾದರೂ ಹೊಂದುತ್ತದೆ. ವಸ್ತುಗಳ ಎಣಿಕೆಯಲ್ಲೂ ಕನ್ನಡ ಸಲೀಸು: "1 ಕಂತು ಬಾಕಿ", "3 ಕಂತು ಬಾಕಿ" ಎರಡೂ ಸರಿ. ಜನರ ಎಣಿಕೆಗೆ ಮಾತ್ರ, ಷರತ್ತು ನೋಡಿ ಎರಡರಲ್ಲಿ ಒಂದನ್ನು ಆರಿಸುವ ಇಫ್ ಫಂಕ್ಷನ್ ಬೇಕು (ಡಿ2ರಲ್ಲಿ ಬಾರದವರ ಸಂಖ್ಯೆ ಇದೆ):

=ಇಫ್(ಡಿ2=1,"ಒಬ್ಬ ಸದಸ್ಯೆ",ಡಿ2&" ಸದಸ್ಯೆಯರು")&" ಗೈರುಹಾಜರು"

ಮುಂದಿನ ಸಭೆಯ ಹೊತ್ತಿಗೆ ಚೀಟಿ ಬದಲಾಗಿತ್ತು: "ಶಾಂತಮ್ಮ ಅವರಿಗೆ ಬಂದ ಪಾಲು 8,333 ರೂಪಾಯಿ, 3 ಕಂತು ಬಾಕಿ." ಆಕೆ ಅದನ್ನು ಗಟ್ಟಿಯಾಗಿ ಓದಿ, ಮಡಿಸಿ, ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡರು.